ಶಾಲು ಹೊದೆಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಮಾಜಿ ಸೈನಿಕರ ಕುಟುಂಬ ಪಿಂಚಣಿಯ ಕುರಿತು ಬರೆದಿದ್ದೆ. ಅದನ್ನು ಓದಿ ಕಾಸರಗೋಡು ಜಿಲ್ಲೆಯ ನಾನಾ ಕಡೆಗಳಿಂದ ಬರೆದವರಲ್ಲಿ ಹೆಚ್ಚಿನವರು ಕೇಳಿರುವುದು ಪಿಂಚಣಿಯ ವಿಚಾರವನ್ನಲ್ಲ, ಆ ಪಿಂಚಣಿ ಕೈಸೇರುವವರೆಗೆ ಬೆನ್ನಿಗೆ ನಿಂತವರನ್ನು ಹೇಗೆ ಗೌರವಿಸಬೇಕೆಂಬುದನ್ನು. ಸೇನೆಯಲ್ಲಿ ಗುಮಾಸ್ತನಾಗಿ ಫೈಲುಗಳ ನಡುವೆಯೇ ಆಯುಷ್ಯ ಕಳೆದ ನನಗೆ ಈ ಪ್ರಶ್ನೆಗಳು ಬಹಳ ಹಿಡಿಸಿದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಜನವರಿ 14ರ ಮಾಜಿ ಸೈನಿಕರ ದಿನದಂದು, ಸೈನಿಕರಿಗೂ ಅವರ ಮನೆಯವರಿಗೂ ವರ್ಷಗಳಿಂದ ನೆರವಾಗುತ್ತಿರುವ ಇಬ್ಬರನ್ನು ಮತ್ತು ಒಂದು ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕವನ್ನು ಸನ್ಮಾನಿಸಬೇಕೆಂದು ನಮ್ಮ ಗ್ರಂಥಾಲಯದ ಸಮಿತಿಯಲ್ಲಿ ಚರ್ಚೆಯಾಯಿತು. ಹಿರಿಯ ಸದಸ್ಯರೊಬ್ಬರು, 'ಗಡಿಯಲ್ಲಿ ನಿಂತವರನ್ನು ಬಿಟ್ಟು ಅರ್ಜಿ ತುಂಬಿಸಿದವರಿಗೆ ಶಾಲು ಯಾಕೆ?' ಎಂದು ಕೇಳಿದರು. ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ತಮ್ಮ ಅಭಿಪ್ರಾಯವೇನು, ಕಾರ್ಯಕ್ರಮವನ್ನು ಹೇಗೆ ನಡೆಸಬೇಕು?
(ಕಾರ್ಯದರ್ಶಿ, ನೀರ್ಚಾಲು ಸಮೀಪದ ಒಂದು ಗ್ರಂಥಾಲಯ)

ಉತ್ತರ: ಹಿರಿಯರಿಗೆ ಮೊದಲು ಆ ದಿನದ ಹಿನ್ನೆಲೆಯನ್ನು ಹೇಳಿ. ಕೊಡಗಿನ ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರು ನಿವೃತ್ತರಾದದ್ದು 1953ರ ಜನವರಿ 14ರಂದು. ಅದರ ನೆನಪಿಗಾಗಿಯೇ ಆ ದಿನವನ್ನು ಆರಿಸಲಾಗಿದೆ. ಸಮವಸ್ತ್ರ ಕಳಚಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗನ್ನು ಕಟ್ಟಿದವರೂ ಅವರೇ. ಹಾಗಾಗಿ ಆ ದಿನದಂದು ನೆರವಿಗೆ ನಿಂತವರನ್ನು ನೆನೆಯುವುದರಲ್ಲಿ ಅನುಚಿತವೇನೂ ಇಲ್ಲ.

ಇನ್ನು 'ಅರ್ಜಿ ತುಂಬಿಸುವುದು' ಎಂಬ ಮಾತು. ಅದರಲ್ಲಿರುವ ತಾತ್ಸಾರವನ್ನು ನಾನು ಒಪ್ಪಲಾರೆ, ಏಕೆಂದರೆ ಆ ಕೆಲಸ ಹೇಗಿರುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ನವೆಂಬರ್ ತಿಂಗಳ ಒಂದು ಬೆಳಗ್ಗೆ ಸರಕಾರಿ ಆನ್‌ಲೈನ್ ಸೇವೆಗಳನ್ನು ಒದಗಿಸುವ ನಮ್ಮೂರಿನ ಅಕ್ಷಯ ಕೇಂದ್ರದಲ್ಲಿ ಎಂಬತ್ತು ದಾಟಿದ ಹವಾಲ್ದಾರರೊಬ್ಬರು ಲೈಫ್ ಸರ್ಟಿಫಿಕೇಟಿಗಾಗಿ ಬೆರಳಚ್ಚು ಕೊಡಲು ಬಂದಿದ್ದರು. ಪಟ್ಟಾಳದಿಂದ ಬಂದ ಮೇಲೆ ನಲವತ್ತು ವರ್ಷ ಅಡಿಕೆ ಸುಲಿದ ಬೆರಳುಗಳವು, ಗೆರೆಗಳೆಲ್ಲ ಸವೆದುಹೋಗಿದ್ದವು. ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸುತ್ತಿತ್ತು, ಹಿಂದೆ ಸಾಲು ಬೆಳೆಯುತ್ತಿತ್ತು, ಅವರ ಕೈ ನಡುಗತೊಡಗಿತ್ತು. ಜೊತೆಗೆ ಬಂದಿದ್ದ ನೆರೆಮನೆಯ ಹೆಂಗಸು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿ ಹತ್ತನ್ನೂ ಇಟ್ಟು ನೋಡಿದರು. ಯಾವುದೂ ಆಗದಾಗ ಅಜ್ಜನನ್ನು ಹೊರಗೆ ಕರೆತಂದು, ಜಗಲಿಯ ಬೆಳಕಿನಲ್ಲಿ ಕೂರಿಸಿ, 2021ರ ನವೆಂಬರಿನಲ್ಲಿ ಬಂದ ಮುಖ ಗುರುತಿಸುವ ಸೌಲಭ್ಯವನ್ನು ತನ್ನ ಮೊಬೈಲಿನಲ್ಲಿ ತೆರೆದು, 'ಅಜ್ಜ, ಒಮ್ಮೆ ಕಣ್ಣು ಮಿಟುಕಿಸಿ' ಎಂದರು. ಅಜ್ಜ ಎರಡೂ ಕಣ್ಣು ಮುಚ್ಚಿಕೊಂಡು ಹಾಗೆಯೇ ಕುಳಿತುಬಿಟ್ಟರು. ನಾಲ್ಕನೆಯ ಸಲಕ್ಕೆ ಕೆಲಸವಾಯಿತು. ಅದು ಆಗದೇ ಹೋಗಿದ್ದರೆ, ಬದುಕಿದ್ದೇನೆಂದು ತೋರಿಸಿಕೊಳ್ಳಲಾಗದ ಕಾರಣಕ್ಕೆ ಅವರ ಪಿಂಚಣಿ ನಿಲ್ಲುತ್ತಿತ್ತು.

ಇದು ಸುಲಭದ ಸಂದರ್ಭ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರಬೇಕಾದ ಪಿಂಚಣಿಯ ಹಾದಿ ಇದಕ್ಕಿಂತ ಬಹಳ ಉದ್ದ. ಮದುವೆಯಾದಾಗ, ಮಕ್ಕಳು ಹುಟ್ಟಿದಾಗ ಸೈನಿಕನು ತನ್ನ ಘಟಕಕ್ಕೆ ತಿಳಿಸಿ ಕುಟುಂಬದ ವಿವರವನ್ನು ಸೇನಾ ದಾಖಲೆಗೆ ಸೇರಿಸುವ 'ಪಾರ್ಟ್ ಟು ಆರ್ಡರ್' ಮಾಡಿಸಿರಬೇಕು. ಆಗ ಬರೆಸಿದ ಹೆಸರು, ಹುಟ್ಟಿದ ದಿನಾಂಕಗಳಿಗೂ ಈಗಿನ ಆಧಾರ್ ಕಾರ್ಡಿಗೂ ತಾಳೆಯಾಗಬೇಕು. ನಮ್ಮ ಗಡಿನಾಡಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಸೇನೆಯ ದಾಖಲೆಯಲ್ಲಿ 'ನಾರಾಯಣ' ಎಂದಿರುವವರು ಊರಿನ ದಾಖಲೆಯಲ್ಲಿ ಮಲಯಾಳದ ರೂಢಿಯಂತೆ 'ನಾರಾಯಣನ್' ಆಗಿರುತ್ತಾರೆ. ಒಂದು ಕಡೆ ತರವಾಡಿನ (ಮನೆತನದ) ಹೆಸರು ಮೊದಲಕ್ಷರವಾಗಿ ಮುಂದೆ ಇದ್ದರೆ, ಇನ್ನೊಂದು ಕಡೆ ತಂದೆಯ ಹೆಸರು ಹಿಂದೆ ಬಂದಿರುತ್ತದೆ. ಹೀಗೆ ಎರಡಾದವರನ್ನು ಒಬ್ಬರೇ ಎಂದು ದೃಢೀಕರಿಸಲು ವಿಲ್ಲೇಜ್ ಆಫೀಸಿನಿಂದ 'ವನ್ ಆಂಡ್ ಸೇಮ್' ಸರ್ಟಿಫಿಕೇಟು ಬೇಕು. ಅಲ್ಲಿಂದ ಕಾಗದ ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ, ಮತ್ತೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಹೋಗಬೇಕು. ಮದ್ರಾಸ್ ರೆಜಿಮೆಂಟಿನವರಿಗೆ ಅದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿದೆ, ಫಿರಂಗಿ ದಳದವರಿಗೆ ನಾಸಿಕದಲ್ಲಿ, ಸೇನೆಯ ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇ.ಎಂ.ಇ.ಯವರಿಗೆ ಸಿಕಂದರಾಬಾದಿನಲ್ಲಿ. ನಿವೃತ್ತಿಯ ಬಳಿಕ ರಕ್ಷಣಾ ನೆಲೆಗಳನ್ನು ಕಾಯುವ ಡಿ.ಎಸ್.ಸಿ. ಸೇರಿ ಮತ್ತೊಮ್ಮೆ ದುಡಿದವರಿಗೆ ಮಾತ್ರ ಹತ್ತಿರದ ಕಣ್ಣೂರು. ಕೊನೆಗೆ ಪಿಂಚಣಿ ಮಂಜೂರಾಗುವುದು ಪ್ರಯಾಗ್‌ರಾಜ್‌ನಲ್ಲಿ, ಹಣ ಬರುವುದು 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಮನೆಯಲ್ಲಿ ತುಳು, ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಕಲಿತ ಒಬ್ಬ ತಾಯಿ, ಮಲಯಾಳ, ಇಂಗ್ಲಿಷ್, ಹಿಂದಿ ಮೂರರಲ್ಲೂ ಬರುವ ಈ ಕಾಗದಗಳ ಎದುರು ಒಬ್ಬರೇ ಕುಳಿತರೆ ಏನಾಗುತ್ತದೆಂದು ತಮ್ಮ ಹಿರಿಯರು ಒಮ್ಮೆ ಊಹಿಸಲಿ. ಅಂಥವರ ಪಕ್ಕದಲ್ಲಿ ಕುಳಿತು, ಪ್ರತಿಯೊಂದು ಸಾಲನ್ನೂ ಅವರ ಮಾತಿನಲ್ಲಿ ಹೇಳಿ, ಹೆಬ್ಬೆಟ್ಟು ಎಲ್ಲಿ, ಸಹಿ ಎಲ್ಲಿ ಎಂದು ತೋರಿಸಿಕೊಡುವವರಿಗೆ ತಾವು ಶಾಲು ಹೊದೆಸುತ್ತಿದ್ದೀರಿ.

ಕಾರ್ಯಕ್ರಮದ ವಿಚಾರಕ್ಕೆ ಬರೋಣ. ನೆರವು ಪಡೆದ ಮನೆಗಳಿಗೆ ಮೊದಲು ಹೋಗಿ ಕೇಳಿ. ವೇದಿಕೆಯಲ್ಲಲ್ಲ, ಅವರ ಜಗಲಿಯಲ್ಲೇ ಕುಳಿತು ಕೇಳಿ. 'ಯಾರು ಬಂದರು, ಎಷ್ಟು ಸಲ ಬಂದರು, ಏನು ಮಾಡಿದರು' ಎಂಬ ಮೂರು ಪ್ರಶ್ನೆಗಳಿಗೆ ಬರುವ ಉತ್ತರದಿಂದಲೇ ಯಾರನ್ನು ಆರಿಸಬೇಕೆಂಬುದು ತಿಳಿಯುತ್ತದೆ. ಸಮಿತಿಯ ಪಟ್ಟಿಯಲ್ಲಿಲ್ಲದ ಹೆಸರೂ ಹೊರಬರಬಹುದು; ಬಂದರೆ ಅದನ್ನು ಸೇರಿಸುವ ಧೈರ್ಯ ಸಮಿತಿಗೆ ಇರಬೇಕು. ಆದರೆ ವೀರನಾರಿಯರನ್ನಾಗಲಿ (ಕರ್ತವ್ಯದಲ್ಲಿ ಮಡಿದ ಸೈನಿಕರ ಪತ್ನಿಯರು), ಇತ್ತೀಚೆಗೆ ಗಂಡನನ್ನು ಕಳೆದುಕೊಂಡವರನ್ನಾಗಲಿ ಮೈಕಿನ ಮುಂದೆ ನಿಲ್ಲಿಸಿ 'ಇವರಿಂದ ನನಗೆ ಉಪಕಾರವಾಯಿತು' ಎಂದು ಹೇಳಿಸಬೇಡಿ. ಅವರಾಗಿಯೇ ಮಾತನಾಡುತ್ತೇನೆಂದರೆ ಬೇರೆ ಮಾತು.

ಸನ್ಮಾನಪತ್ರದ ಬಗ್ಗೆ ಒಂದು ಅಡ್ಡಮಾತು. ನಮ್ಮ ಕಡೆ ಸನ್ಮಾನಪತ್ರಗಳನ್ನು ಬರೆಯುವ ಶೈಲಿ ಎಷ್ಟು ಪಳಗಿದೆಯೆಂದರೆ, 'ಸಹೃದಯಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ಆರಂಭವಾಗುವ ಅದೇ ಒಕ್ಕಣೆ ಯಕ್ಷಗಾನದ ಭಾಗವತರಿಗೂ ನಡೆಯುತ್ತದೆ, ಹಾಲಿನ ಸೊಸೈಟಿಯ ಅಧ್ಯಕ್ಷರಿಗೂ ನಡೆಯುತ್ತದೆ. ಈ ಸಲ ಹಾಗಾಗುವುದು ಬೇಡ. 'ಹೆಸರಿನ ವ್ಯತ್ಯಾಸದಿಂದ ಎರಡು ವರ್ಷ ತಡೆಹಿಡಿಯಲ್ಪಟ್ಟಿದ್ದ ಒಂದು ಕುಟುಂಬದ ಪಿಂಚಣಿಗಾಗಿ ತಾವು ಹನ್ನೊಂದು ಬಾರಿ ಕಾಸರಗೋಡಿಗೆ ಹೋಗಿ ಬಂದಿದ್ದೀರಿ' ಎಂಬಂಥ, ನಡೆದದ್ದನ್ನು ನಡೆದ ಹಾಗೆ ಹೇಳುವ ನಾಲ್ಕು ವಾಕ್ಯ ಸಾಕು. ಅದನ್ನು ಓದಿದ ಮೊಮ್ಮಕ್ಕಳಿಗೆ ಅಜ್ಜ ಏನು ಮಾಡುತ್ತಿದ್ದರೆಂದು ಗೊತ್ತಾಗಬೇಕು. ಕುಟುಂಬಶ್ರೀ ಘಟಕಕ್ಕಾದರೆ, ಅಧ್ಯಕ್ಷೆಯನ್ನು ಮಾತ್ರ ಕರೆದು ಕೈತೊಳೆದುಕೊಳ್ಳಬೇಡಿ. ಸರದಿಯಲ್ಲಿ ವೃದ್ಧರ ಜೊತೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್.ನ ಪಾಲಿಕ್ಲಿನಿಕ್ಕಿಗೆ ಹೋಗಿ, ರೆಫರಲ್ ಚೀಟಿಗಾಗಿ ಕಾದು ನಿಂತವರ ಹೆಸರೆಲ್ಲವೂ ಪತ್ರದಲ್ಲಿರಲಿ. ಸ್ಮರಣಿಕೆಯ ಮೇಲೆ ಅಂದಕ್ಕಾಗಿ ಅಶೋಕಸ್ತಂಭದ ಸಿಂಹಗಳನ್ನು ಅಚ್ಚು ಹಾಕಿಸುವ ಅಭ್ಯಾಸ ಕೆಲವೆಡೆ ಇದೆ. ರಾಷ್ಟ್ರಲಾಂಛನದ ಅನಧಿಕೃತ ಬಳಕೆಯನ್ನು ತಡೆಯುವ 2005ರ ಕಾಯಿದೆಯ ಪ್ರಕಾರ ಅದು ತಪ್ಪು.

ಶಾಲು, ಹಾರ, ಫಲತಾಂಬೂಲ ಇವು ಬೇಡವೆಂದು ನಾನು ಹೇಳುವುದಿಲ್ಲ. ಊರಿನ ಮರ್ಯಾದೆಗೆ ತನ್ನದೇ ಬೆಲೆಯಿದೆ. ಆದರೆ ನನ್ನ ಮಟ್ಟಿಗೆ ನಿಜವಾದ ಸನ್ಮಾನವು ಅವರ ಕೆಲಸದ ಭಾರವನ್ನು ಹಂಚಿಕೊಳ್ಳುವುದರಲ್ಲಿದೆ. ಬಸ್ಸಿನ ಖರ್ಚು, ಝೆರಾಕ್ಸ್, ರಿಜಿಸ್ಟರ್ ಪೋಸ್ಟ್ ಎಂದು ಇವರು ಸ್ವಂತ ಜೇಬಿನಿಂದ ಕೊಟ್ಟದ್ದನ್ನು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಗ್ರಂಥಾಲಯದ ಲೆಕ್ಕದಲ್ಲಿ ಅದಕ್ಕೊಂದು ಸಣ್ಣ ಮೊತ್ತವನ್ನು ಮೀಸಲಿಟ್ಟು ಅಂದೇ ಪ್ರಕಟಿಸಿ. ಜೊತೆಗೆ, ಮುಂದಿನ ಒಂದು ವರ್ಷ ಇವರ ಬಳಿ ಕೆಲಸ ಕಲಿಯಲು ಒಪ್ಪಿದ ಇಬ್ಬರು ಯುವಕ ಯುವತಿಯರನ್ನು ಅದೇ ವೇದಿಕೆಯಲ್ಲಿ ಪರಿಚಯಿಸಿ. ಎಪ್ಪತ್ತು ವರ್ಷದ ಒಬ್ಬರ ತಲೆಯಲ್ಲಿ ಮಾತ್ರ ಇರುವ ತಿಳಿವಳಿಕೆ ಅವರ ನಂತರ ಯಾರಿಗೂ ಸಿಗುವುದಿಲ್ಲ.

ಪ್ರಶ್ನೆ: ನನ್ನ ತಂದೆ ತೀರಿಕೊಂಡ ಮೇಲೆ ಅಮ್ಮನ ಪಿಂಚಣಿಯ ಎಲ್ಲ ಓಡಾಟವನ್ನೂ ಮಾಡಿದವರು ಮುಳ್ಳೇರಿಯದ ನಮ್ಮ ನೆರೆಯ ಒಬ್ಬ ನಿವೃತ್ತ ಹವಾಲ್ದಾರರು. ನಾವು ಮಕ್ಕಳು ಮಂಗಳೂರಿನಲ್ಲಿದ್ದೇವೆ. ಹಣ ಕೊಟ್ಟರೆ ಮುಟ್ಟಲಿಲ್ಲ. ಅಣ್ಣ ಉಂಗುರ ಮಾಡಿಸೋಣ ಎನ್ನುತ್ತಾನೆ. ಏನು ಮಾಡುವುದು?
(ಓರ್ವ ಓದುಗರು)

ಉತ್ತರ: ಉಂಗುರ ಬೇಡ. ಹಣವನ್ನು ಮುಟ್ಟದವರಿಗೆ ಚಿನ್ನ ಕೊಟ್ಟರೆ ಇನ್ನಷ್ಟು ಮುಜುಗರವಾಗುತ್ತದೆ. ಆ ಮೊತ್ತವನ್ನು ಅವರು ಒಪ್ಪುವ ಬೇರೆ ದಾರಿಯಲ್ಲಿ ಬಳಸಬಹುದು. ಅಧಿಕಾರಿಗಳಲ್ಲದ ಸೈನಿಕರಿಗೆ ಸೇವಾ ಪಿಂಚಣಿ ಬರಬೇಕಾದರೆ ಹದಿನೈದು ವರ್ಷ ಪೂರೈಸಿರಬೇಕು. ಅದಕ್ಕೆ ಮುಂಚೆಯೇ ಮನೆಯ ಕಷ್ಟಕ್ಕೋ ಇನ್ನಾವುದಕ್ಕೋ ಬಿಟ್ಟುಬಂದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ, ತಾವು ಸೈನಿಕರಾಗಿದ್ದೆವೆಂದು ಅವರೇ ಹೇಳಿಕೊಳ್ಳುವುದಿಲ್ಲ. ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ, ಪಿಂಚಣಿಯೂ ಬೇರೆ ಆದಾಯವೂ ಇಲ್ಲದ ಅಂಥವರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಸಿಗುತ್ತಿದ್ದ ತಿಂಗಳಿಗೆ 4,000 ರೂಪಾಯಿಯ ನೆರವು, 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 8,000 ರೂಪಾಯಿ ಆಗಿದೆ. ಅರ್ಜಿ ಜಿಲ್ಲಾ ಸೈನಿಕ ಕಚೇರಿಯ ಮೂಲಕವೇ ಹೋಗುತ್ತದೆ, ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಬೇಕು. ತಮ್ಮ ಅಣ್ಣನವರು ಒಂದು ವಾರ ರಜೆ ಹಾಕಿ, ಕಾರು ತಂದು, ಹವಾಲ್ದಾರರು ಹೇಳಿದ ಮನೆಗಳಿಗೆಲ್ಲ ಅವರನ್ನು ಕರೆದೊಯ್ಯಲಿ. ಅವರು ಇದನ್ನು ಬೇಡವೆನ್ನಲಾರರು.

ಇನ್ನೊಂದನ್ನು ತಾವೇ ಮಾಡಬೇಕು. ಅಮ್ಮನ ಒಪ್ಪಿಗೆ ಪಡೆದು ಅವರ ಇಡೀ ಕಡತವನ್ನು, ಮೊದಲ ಅರ್ಜಿಯಿಂದ ಕೊನೆಯ ಆದೇಶದವರೆಗೆ, ಖಾತೆ ಸಂಖ್ಯೆ ಮತ್ತು ಆಧಾರ್ ಸಂಖ್ಯೆಗಳನ್ನು ಅಳಿಸಿ ಕ್ರಮವಾಗಿ ಜೋಡಿಸಿ, ಪ್ರತಿ ಹಾಳೆಯ ಮೇಲೆ 'ಇದು ಯಾಕೆ ಬೇಕಾಯಿತು' ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ಹವಾಲ್ದಾರರಿಗೆ ಕೊಡಿ. ಮುಂದಿನ ಮನೆಗೆ ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆ.

ಪ್ರಶ್ನೆ: ನನ್ನ ತಂದೆ ಸಿ.ಆರ್.ಪಿ.ಎಫ್.ನಲ್ಲಿ ಮೂವತ್ತು ವರ್ಷ ಇದ್ದವರು. ಊರಿನ ಮಾಜಿ ಸೈನಿಕರ ಕಾರ್ಯಕ್ರಮಗಳಿಗೆ ಸ್ವಯಂಸೇವಕರಾಗಿ ಕುರ್ಚಿ ಹಾಕುವುದರಿಂದ ಹಿಡಿದು ಎಲ್ಲವನ್ನೂ ಮಾಡುತ್ತಾರೆ. ಆದರೆ ಸನ್ಮಾನದ ಪಟ್ಟಿ ಮಾಡುವಾಗ 'ಅವರು ಮಾಜಿ ಸೈನಿಕರಲ್ಲ' ಎನ್ನುತ್ತಾರೆ. ಇದು ನ್ಯಾಯವೇ?
(ಕುಂಬಳೆಯ ಓದುಗರು)

ಉತ್ತರ: ಸರಕಾರದ ವ್ಯಾಖ್ಯೆಯಂತೆ ಮಾಜಿ ಸೈನಿಕರೆಂದರೆ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಂದ ನಿವೃತ್ತರಾದವರು. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮೊದಲಾದವು ಗೃಹ ಸಚಿವಾಲಯದ ಅಧೀನದಲ್ಲಿರುವುದರಿಂದ ಸೈನಿಕ ಮಂಡಳಿಯ ಯೋಜನೆಗಳು ಅವರಿಗೆ ಅನ್ವಯಿಸುವುದಿಲ್ಲ. ಅವರಿಗಾಗಿ ಕಲ್ಯಾಣ ಮತ್ತು ಪುನರ್ವಸತಿ ಮಂಡಳಿಯಿದೆ. ಕರ್ತವ್ಯದಲ್ಲಿ ಮಡಿದವರ ಕುಟುಂಬಗಳಿಗೆ ಜನರು ನೇರವಾಗಿ ಹಣ ಕಳುಹಿಸಲು 2017ರಿಂದ 'ಭಾರತ್ ಕೆ ವೀರ್' ಎಂಬ ವ್ಯವಸ್ಥೆಯಿದೆ. ಕಣ್ಣೂರು ಜಿಲ್ಲೆಯ ಪೆರಿಂಗೋಮ್‌ನಲ್ಲಿ ಸಿ.ಆರ್.ಪಿ.ಎಫ್. ತರಬೇತಿ ಕೇಂದ್ರವೇ ಇರುವಾಗ ಈ ಭಾಗದವರಿಗೆ ಆ ಪಡೆ ಅಪರಿಚಿತವೂ ಅಲ್ಲ.

ಇದೆಲ್ಲ ಕಚೇರಿಯ ಲೆಕ್ಕವಾಯಿತು. ಊರಿನವರು ಮಾಡುವ ಸನ್ಮಾನಕ್ಕೆ ಸಚಿವಾಲಯದ ಗಡಿರೇಖೆ ಯಾಕೆ? ಅದರಲ್ಲೂ ಈ ಪಟ್ಟಿ ಸ್ವಯಂಸೇವಕರದ್ದು. ಸ್ವಯಂಸೇವಕರು ಯಾವ ಪಡೆಯಿಂದ ಬಂದರು ಎಂದು ಕೇಳುವುದಾದರೆ, ಎಂದೂ ಸಮವಸ್ತ್ರ ತೊಡದ ಶಾಲಾ ಮಾಸ್ತರರನ್ನು ಪಟ್ಟಿಯಲ್ಲಿ ಸೇರಿಸುವುದು ಹೇಗೆ? ತಮ್ಮ ತಂದೆಯವರಿಗೆ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ, ಇದನ್ನು ಸಂಘಟಕರಿಗೆ ಓದಿ ಹೇಳಲು ಅಡ್ಡಿಯಿಲ್ಲ.

ಪ್ರಶ್ನೆ: ಸೈನಿಕರ ಕುಟುಂಬಗಳಿಗೆ ನೆರವಾಗುವ ಸಂಸ್ಥೆಗಳಿಗೆ ಹಣ ಕೊಡಬೇಕೆಂದಿದ್ದೇನೆ. ಯಾರನ್ನು ನಂಬುವುದು?
(ಉಪ್ಪಳದ ವ್ಯಾಪಾರಿ)

ಉತ್ತರ: ಹೆಚ್ಚು ಯೋಚಿಸದೆ ಕೊಡಬಹುದಾದದ್ದು ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಅಂಗಿಗೆ ಸಿಕ್ಕಿಸಿ ಸಂಗ್ರಹಿಸುವ ನಿಧಿಯದು. ಜಿಲ್ಲಾ ಸೈನಿಕ ಕಚೇರಿಯಲ್ಲಿ ವರ್ಷವಿಡೀ ಕೊಡಬಹುದು. ಜನ 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿಯು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಸಿಗುತ್ತದೆ, ಅದೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಇಲ್ಲ; ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ. ಖಾಸಗಿ ಸಂಘವಾದರೆ ನೋಂದಣಿ ಪತ್ರವನ್ನೂ ಕಳೆದ ವರ್ಷದ ಆಡಿಟ್ ಆದ ಲೆಕ್ಕವನ್ನೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರಿಗೆ ಕೊಡಬೇಡಿ. ನೋಂದಣಿಯೇ ಇಲ್ಲದ, ಆದರೆ ಊರಿಗೆಲ್ಲ ಪರಿಚಿತವಾದ ನಾಲ್ಕೈದು ಜನರ ಗುಂಪಾದರೆ ಹಣದ ಬದಲು ವಸ್ತು ಕೊಡಿ. ಒಂದು ಪ್ರಿಂಟರು, ಎರಡು ಕಟ್ಟು ಕಾಗದ ಅವರಿಗೆ ಒಂದು ವರ್ಷ ಬರುತ್ತದೆ.

ಪ್ರಶ್ನೆ: ನಾನು ಪೆರ್ಲದ ಕಡೆಯವಳು, ಕೆಲವು ಸೈನಿಕರ ಮನೆಗಳಿಗೆ ಕಾಗದಪತ್ರಗಳ ಕೆಲಸದಲ್ಲಿ ಸಹಾಯ ಮಾಡುತ್ತೇನೆ. ಸಂಘದವರೊಬ್ಬರು ನನಗೆ ಸನ್ಮಾನವೆಂದು ತಿಳಿಸಿ, ನಾನು ಸಹಾಯ ಮಾಡಿದ ಕುಟುಂಬಗಳ ಹೆಸರಿನ ಪಟ್ಟಿ ಮತ್ತು ಅವರಿಗೆ ಬಂದ ಮೊತ್ತವನ್ನು ಕೇಳಿದ್ದಾರೆ. ನನಗೆ ವೇದಿಕೆಯೆಂದರೆ ಭಯ. ಬೇಡವೆಂದರೆ ಅಹಂಕಾರವಾಗುತ್ತದೆಯೇ?
(ಹೆಸರು ಬೇಡ)

ಉತ್ತರ: ಪಟ್ಟಿಯನ್ನು ಕೊಡಲೇಬೇಡಿ. ಯಾರ ಮನೆಗೆ ಎಷ್ಟು ಬಂತೆಂಬುದು ಆ ಮನೆಯ ಗುಟ್ಟು, ತಮ್ಮನ್ನು ನಂಬಿ ಅವರು ಅದನ್ನು ತೋರಿಸಿದ್ದಾರೆ. ಪಿಂಚಣಿದಾರರ ವಿವರ ಹಿಡಿದು ಫೋನು ಮಾಡಿ ಓ.ಟಿ.ಪಿ. ಕೇಳುವ ವಂಚಕರ ಕಾಲವಿದು. ತಾವು ಕೂಡ ಯಾರ ಪಾಸ್‌ಬುಕ್ಕನ್ನೂ ಪಾಸ್‌ವರ್ಡನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೆಲಸ ಮುಗಿದ ದಿನವೇ ಹಿಂದಿರುಗಿಸಿ.

ಸನ್ಮಾನವನ್ನು ಬೇಡವೆನ್ನುವುದು ಅಹಂಕಾರವಲ್ಲ, ಆದರೆ ಸುಮ್ಮನೆ ಬೇಡವೆಂದರೆ ಸಂಘದವರಿಗೂ ಬೇಸರವಾದೀತು. ಅವರ ಬಳಿ ಹೋಗಿ, ಶಾಲಿನ ಬದಲು ತಮಗೆ ಬೇಕಾದದ್ದನ್ನೇ ಬಾಯಿಬಿಟ್ಟು ಕೇಳಿ. ಕೇರಳದ ಭಾಷಾ ಅಲ್ಪಸಂಖ್ಯಾತರಾದ ನಮಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ತಾವು ಪದೇ ಪದೇ ಬರೆಯಬೇಕಾಗುವ ನಾಲ್ಕು ಬಗೆಯ ಅರ್ಜಿಗಳ ಕನ್ನಡ ಮಾದರಿಗಳನ್ನು ಸಂಘದ ಖರ್ಚಿನಲ್ಲಿ ಅಚ್ಚು ಹಾಕಿಸಿಕೊಡಲು ಹೇಳಿ. ನವೆಂಬರ್ ತಿಂಗಳಲ್ಲಿ ವಾರಕ್ಕೆರಡು ದಿನ ಅಕ್ಷಯ ಕೇಂದ್ರಕ್ಕೆ ತಮ್ಮ ಜೊತೆ ಬರಲು ಸಂಘದ ಒಬ್ಬರನ್ನು ಗೊತ್ತುಮಾಡಲಿ. ಅಲ್ಲಿ ವೃದ್ಧರು ಕುಳಿತುಕೊಳ್ಳಲು ನಾಲ್ಕು ಕುರ್ಚಿಗಳನ್ನೂ ಕೊಡಿಸಲಿ, ಕೈಯಿರುವ ಕುರ್ಚಿಗಳೇ ಬೇಕೆಂದು ಹೇಳಿ. ಮಂಡಿನೋವಿನವರಿಗೆ ಏಳಲು ಆಸರೆ ಬೇಕಾಗುತ್ತದೆ.